ದೇವರು ವರ ಕೊಟ್ಟರೂ ಪೂಜಾರಿ ಕೊಡ

ಮೊನ್ನೆ ನೂಲು ಖಾತೆಯ ಕಾರ್ಮಿಕ ಬಂಧುವೊಬ್ಬರು ನಮ್ಮ ಕಛೇರಿಗೆ ಬಂದಿದ್ದರು. ವಿಮಾ ಆಸ್ಪತ್ರೆಯ ಡಾಕ್ಟರು ಅವರ ಎದೆ ಪರೀಕ್ಷಿಸಿ, ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಹದಿನೈದು ನಿಮಿಷದಲ್ಲಿ ಚೀಟಿ ಬರೆದರು. ಆ ಚೀಟಿಗೆ ಮೊಹರು ಬೀಳಲು ಹದಿನೈದು ದಿನ ಹಿಡಿಯಿತು! ರೋಗ ಡಾಕ್ಟರಿಗೆ ತಿಳಿದಿತ್ತು. ಆಡಳಿತದ ಕುರ್ಚಿಗೆ ತಿಳಿಯಲಿಲ್ಲ.

ಈ ಆಸ್ಪತ್ರೆ ಯಾರ ದಾನ? ಯಾರದೂ ಅಲ್ಲ. 1948ರ ನೌಕರರ ರಾಜ್ಯ ವಿಮಾ ಕಾನೂನಿನಿಂದ ಹುಟ್ಟಿ, 1952ರ ಫೆಬ್ರವರಿಯಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಈ ಯೋಜನೆ ನಮ್ಮ ಸಂಬಳದಲ್ಲಿ ಮುರಿದುಕೊಂಡ ಹಣದಿಂದಲೂ ಮಾಲಿಕರ ವಂತಿಗೆಯಿಂದಲೂ ಬೆಳೆದದ್ದು. 2019ರ ಜುಲೈಯಲ್ಲಿ ವಂತಿಗೆ ಇಳಿಯಿತು. ಮಾಲಿಕರಿಗೆ ನೂರಕ್ಕೆ 4.75ರಿಂದ 3.25, ನಮಗೆ 1.75ರಿಂದ 0.75. ಲೆಕ್ಕ ಬಲ್ಲ ವರ್ತಕ ಬಂಧುಗಳು ನೋಡಲಿ: ಹೆಚ್ಚಿನ ಉಳಿತಾಯ ಯಾರ ಜೇಬಿಗೆ? ದೆಹಲಿಯ ಕಾರ್ಪೊರೇಷನ್ನಿನಲ್ಲಿ ಮಾಲಿಕರಿಗೂ ಕಾರ್ಮಿಕರಿಗೂ ಸಮಸಮ ಸ್ಥಾನವನ್ನು ಆ ಕಾನೂನು ಕೊಟ್ಟಿತೆಂಬುದು ನಿಜ. ಅದೂ ನಮ್ಮ ಚುನಾವಣೆಯಿಂದಲ್ಲ, ಸರ್ಕಾರದ ನೇಮಕದಿಂದ.

ಹಾಗಾದರೆ ಆಡಳಿತವೇ ಬೇಡವೆ ಎಂದು ಮಹನೀಯರು ಕೇಳಬಹುದು. ನಾವು ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವರು, ಅಷ್ಟು ದಡ್ಡರಲ್ಲ. ಔಷಧಿ ಮುಗಿಯುವ ಮುಂಚೆಯೇ ತರಿಸಿಡುವ ಉಗ್ರಾಣದ ಗುಮಾಸ್ತ ಡಾಕ್ಟರಷ್ಟೇ ಜೀವ ಉಳಿಸುತ್ತಾನೆ. ಅಂಥವನಿಗೆ ನಮ್ಮ ನಮಸ್ಕಾರ. ನಮ್ಮ ಜಗಳವಿರುವುದು ರೋಗಿಗೂ ಜವಾಬು ಹೇಳದೆ ಡಾಕ್ಟರಿಗೂ ಹೇಳದೆ ಮೇಲಿನವರಿಗೆ ಮಾತ್ರ ವರದಿ ಬರೆಯುವ ಕುರ್ಚಿಯ ಮೇಲೆ.

ಇದು ನಮ್ಮೊಬ್ಬರ ಪಾಡಲ್ಲ. ನಮ್ಮ ಕಾನೂನಾದ 1948ರಲ್ಲೇ ಇಂಗ್ಲೆಂಡಿನಲ್ಲೂ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. 1983ರಲ್ಲಿ ಥ್ಯಾಚರ್ ಸರ್ಕಾರ ಅದನ್ನು ತಿದ್ದಲು ಸಲಹೆ ಕೇಳಿದ್ದು ಯಾರನ್ನು? ಸೇನ್ಸ್‌ಬರಿ ಎಂಬ ದಿನಸಿ ಮಳಿಗೆಗಳ ಕಂಪನಿಯ ರಾಯ್ ಗ್ರಿಫಿತ್ಸ್ ಅವರನ್ನು. (ನಮ್ಮ ಕಿರಾಣಿ ಬಂಧುಗಳು ಮುನಿಯಬಾರದು, ಅವರನ್ನು ಯಾವ ಸರ್ಕಾರವೂ ಕೇಳುವುದಿಲ್ಲ.) ಪ್ರತಿ ಹಂತದಲ್ಲೂ ಜನರಲ್ ಮ್ಯಾನೇಜರು ಬೇಕೆಂದು ಅವರು ಬರೆದುಕೊಟ್ಟರು; ಹಾಗೆಯೇ ನೇಮಕವಾಯಿತು.

ವಿಶ್ವವಿದ್ಯಾನಿಲಯಗಳಿಗೂ ಅದೇ ಗಾಳಿ. 2025ರ ಜನವರಿಯಲ್ಲಿ ಯು.ಜಿ.ಸಿ. ಹೊರಡಿಸಿದ ಕರಡು ನಿಯಮಗಳು ಪ್ರಾಧ್ಯಾಪಕರಲ್ಲದೆ ಉದ್ಯಮ, ಸಾರ್ವಜನಿಕ ಆಡಳಿತಗಳಲ್ಲಿದ್ದವರನ್ನೂ ಕುಲಪತಿಗಳಾಗಿ ಮಾಡಬಹುದೆಂದು ಸೂಚಿಸಿದವು. ಪಾಠ ಹೇಳುವವನು ಗಂಟೆ ಲೆಕ್ಕದ ಅತಿಥಿ, ಪಾಠ ಹೇಳದವನು ಮನೆಯ ಯಜಮಾನ!

ಆಸ್ಪತ್ರೆಯ ಗೋಡೆಯ ಮೇಲೆ ತಿಂಗಳು ತಿಂಗಳು ಪಟ್ಟಿ ಹಚ್ಚಲಿ. ಡಾಕ್ಟರು, ದಾದಿಯರ ಹುದ್ದೆ ಎಷ್ಟು, ಖಾಲಿ ಎಷ್ಟು, ಕಛೇರಿಯ ಕುರ್ಚಿ ಎಷ್ಟು, ಯಾವ ಔಷಧಿ ಇಲ್ಲ, ಯಾರ ಚೀಟಿ ಎಷ್ಟು ದಿನದಿಂದ ಮಲಗಿದೆ? ಆಸ್ಪತ್ರೆಯ ಸಮಿತಿಗೆ ಕಾರ್ಮಿಕರೇ ಆರಿಸಿದವರು ಹೋಗಲಿ. ಪಟ್ಟಿ ತಾವಾಗಿ ಹಚ್ಚದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿದೆ. ಅರ್ಜಿ ಬರೆದುಕೊಡಲು ನಾವು ಸಿದ್ಧ. ಪಾಳಿ ಬಿಟ್ಟ ಮೇಲೆ ಬನ್ನಿ. ವಿಮಾ ಚೀಟಿ ಮರೆಯದೆ ತನ್ನಿ.