ಕಣ ಕಟ್ಟಿಸುವ ಮುನ್ನ ಕೇಳಬೇಕಾದ ಪ್ರಶ್ನೆ

ಕಾಫಿ ಕಣ, ಅಡಿಕೆ ಅಂಗಳ, ಗೋದಾಮು ಇವು ನಮ್ಮ ಕಸುಬಿನಲ್ಲಿ ಆಡಂಬರದ ಕಟ್ಟಡಗಳಲ್ಲ. ವರ್ಷದ ದುಡಿಮೆ ಹಣವಾಗುವುದೂ ಬೂಷ್ಟು ಹಿಡಿಯುವುದೂ ಅಲ್ಲಿಯೇ. ಆದರೂ ಇವನ್ನು ಕಟ್ಟಿಸುವಾಗ ನಮ್ಮಲ್ಲಿ ಅನೇಕರು ಅಂದಾಜು ಪಟ್ಟಿಯ ಕೊನೆಯ ಮೊತ್ತವನ್ನಷ್ಟೇ ನೋಡಿ ಚೌಕಾಸಿಗಿಳಿಯುತ್ತಾರೆ. ಯಾವ ಸಾಮಾನು, ಎಷ್ಟು, ಯಾವಾಗ ಎಂಬುದನ್ನು ಗುತ್ತಿಗೆದಾರರ ಇಷ್ಟಕ್ಕೆ ಬಿಡುತ್ತಾರೆ. ಈ ಪದ್ಧತಿ ಬದಲಾಗಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಗೆ ಸಾಮಾನುಗಳ ಅಭಾವ ಉಂಟಾಯಿತು. ಅಲ್ಲಿನ ಖರೀದಿ ವಿಭಾಗದಲ್ಲಿದ್ದ ಲಾರೆನ್ಸ್ ಮೈಲ್ಸ್ ಎಂಬ ಎಂಜಿನಿಯರರು, ಕೇಳಿದ ವಸ್ತು ಸಿಗದಿದ್ದಾಗ, ಆ ವಸ್ತು ಮಾಡಬೇಕಾದ ಕೆಲಸವೇನೆಂದು ವಿಚಾರಿಸಿ, ಅದೇ ಕೆಲಸವನ್ನು ಮಾಡುವ ಬೇರೆ ವಸ್ತುವನ್ನು ಹುಡುಕುತ್ತಿದ್ದರು. 1947ರಲ್ಲಿ ಇದು ಒಂದು ಕ್ರಮಬದ್ಧ ವಿಧಾನವಾಯಿತು. 1954ರಲ್ಲಿ ಅಮೆರಿಕದ ನೌಕಾಪಡೆಯ ಹಡಗು ವಿಭಾಗ ಇದನ್ನು ‘ವ್ಯಾಲ್ಯೂ ಎಂಜಿನಿಯರಿಂಗ್’ ಎಂಬ ಹೆಸರಿನಲ್ಲಿ ಕೈಗೊಂಡಿತು. ಹೆಸರು ದೊಡ್ಡದಾದರೂ ಪ್ರಶ್ನೆ ಸಣ್ಣದು: ಈ ವಸ್ತುವಿನ ಕೆಲಸವೇನು? ಆ ಕೆಲಸಕ್ಕೆ ನಾವು ಕೊಡುವ ಬೆಲೆ ತಕ್ಕದ್ದೇ?

ಕಣದ ಕೆಲಸವೆಂದರೆ ಕಾಫಿಗೆ ಮಣ್ಣು ತಾಗದಂತೆ, ನೀರು ನಿಲ್ಲದಂತೆ ಒಣಗಿಸುವುದು. 1000 ಚದರಡಿ ಕಣಕ್ಕೆ 4 ಅಂಗುಲ ಕಾಂಕ್ರೀಟು ಹಾಕಿದರೆ ಸುಮಾರು 333 ಘನ ಅಡಿ ಬೇಕು. 3 ಅಂಗುಲವಾದರೆ 250. ಒಂದಕ್ಕೆ ಎರಡು, ನಾಲ್ಕರ ಮಿಶ್ರಣದಲ್ಲಿ ಇದು ಸುಮಾರು 15 ಮೂಟೆ ಸಿಮೆಂಟಿನ ವ್ಯತ್ಯಾಸ. ಜಲ್ಲಿ, ಮರಳು ಬೇರೆ. ಪಿಕಪ್ ವಾಹನ ಹತ್ತುವ ಕಡೆ ದಪ್ಪ ಬೇಕೇ ಬೇಕು. ಆಳುಗಳಷ್ಟೇ ಓಡಾಡುವ ಕಡೆ, ತಳವನ್ನು ಗಟ್ಟಿಯಾಗಿ ದಿಮ್ಮಸು ಮಾಡಿದ್ದರೆ, ಅಷ್ಟೇ ದಪ್ಪ ಬೇಕೇ ಎಂದು ಎಂಜಿನಿಯರರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಆದರೆ ಇದನ್ನು ಜಿಪುಣತನವೆಂದು ತಿಳಿಯಬಾರದು. ಖರ್ಚು ಉಳಿಸಲೆಂದು ಕಣದ ಇಳಿಜಾರನ್ನೋ, ಗೋದಾಮಿನ ನೆಲದಡಿಯ ತೇವ ತಡೆಯುವ ಪದರವನ್ನೋ ಬಿಟ್ಟರೆ ಕಟ್ಟಡದ ಮುಖ್ಯ ಕೆಲಸವೇ ಕೆಡುತ್ತದೆ. ಶೇಕಡಾ 11ರ ತೇವಕ್ಕೆ ಒಣಗಿಸಿದ ರೋಬಸ್ಟಾ ಚೆರ್ರಿ ಒದ್ದೆ ನೆಲದ ಮೇಲೆ ಮತ್ತೆ ತೇವ ಹೀರುತ್ತದೆ. ಗೋದಾಮಿನ ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕುವುದನ್ನು ಬೇಕಾದರೆ ಬಿಡೋಣ. ತೇವದ ತಡೆಯನ್ನು ಬಿಡುವುದು ಬೇಡ.

ವಸ್ತು ನಿಶ್ಚಯವಾದ ಮೇಲೆ ಖರೀದಿಯ ಕಾಲ ಗೊತ್ತುಪಡಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕಾಂಕ್ರೀಟಿನ ಮಾತೇ ಇಲ್ಲ. ನವೆಂಬರಿಗೆ ಅರೇಬಿಕ ಕೊಯ್ಲು ಹಿಡಿಯುತ್ತದೆ, ರೋಬಸ್ಟಾ ಮುಗಿಯುವಾಗ ಮಾರ್ಚ್. ಉಳಿಯುವುದು ಹೆಚ್ಚೆಂದರೆ ಎರಡು ತಿಂಗಳು. ಅದೂ ಕೆರೆ, ಬಾವಿ ತಳ ಕಾಣುವ ಕಾಲ. ಹೂಮಳೆ ಬಾರದಿದ್ದರೆ ಇದ್ದ ನೀರೂ ತೋಟಕ್ಕೆ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸದಿದ್ದರೆ ಅದು ಬಿರುಕು ಬಿಡುತ್ತದೆ. ಆದುದರಿಂದ ಆ ನೀರನ್ನೂ ಖರೀದಿ ಪಟ್ಟಿಯಲ್ಲೇ ಬರೆಯಬೇಕು. ಮರಳು, ಜಲ್ಲಿ ಮುಂಚಿತವಾಗಿ ಬರಲಿ. ಸಿಮೆಂಟು ಕೆಲಸಕ್ಕೆ ಸ್ವಲ್ಪ ಮುನ್ನ ಬರಲಿ. ಅಗ್ಗವೆಂದು ಮಳೆಗಾಲಕ್ಕೆ ಮೊದಲೇ ತಂದು ಪೇರಿಸಿದ ಸಿಮೆಂಟು ಥಂಡಿಗೆ ಗಂಟು ಕಟ್ಟುತ್ತದೆ.

ಸಹಕಾರಿ ಸಂಘಗಳ ಗೋದಾಮುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ಖರ್ಚಾಗುವುದು ಸದಸ್ಯರ ಷೇರು ಹಣ. ಅತಿ ಕಡಿಮೆ ಟೆಂಡರಿಗೆ ಒಪ್ಪಿಗೆ ಕೊಟ್ಟ ಮೇಲೆ ಪ್ರಶ್ನೆ ಕೇಳುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಟೆಂಡರ್ ಕರೆಯುವ ಮುನ್ನವೇ ಅಂದಾಜು ಪಟ್ಟಿ ಮಹಾಸಭೆಗೆ ಬರಲಿ. ಪ್ರತಿಯೊಂದು ದೊಡ್ಡ ಬಾಬಿನ ಎದುರು ಅದರ ಕೆಲಸ, ಅದಕ್ಕೆ ಇರುವ ಬದಲಿ, ತರಬೇಕಾದ ತಿಂಗಳು ಈ ಮೂರನ್ನೂ ಬರೆದಿರಲಿ. ಇದಕ್ಕೆ ಹೆಚ್ಚಿನ ವಿದ್ಯೆ ಬೇಡ. ಗೊಬ್ಬರ ಕೊಳ್ಳುವಾಗ ನಾವು ತೋರುವ ಎಚ್ಚರವೇ ಸಾಕು.