ಹೆಬ್ಬೆರಳಿಗೂ ಬೇಕು ಲೆಕ್ಕಾಚಾರ

ರಸ್ತೆ ಬದಿಯಲ್ಲಿ ನಿಂತು ಹೆಬ್ಬೆರಳು ಎತ್ತಿದರೆ ಸಾಕು, ಯಾರದೋ ವಾಹನ ನಿಲ್ಲುತ್ತದೆ. ಕಾಸಿಲ್ಲದೆ ದೇಶ ಸುತ್ತಬಹುದು. ಹಿಚ್‌ಹೈಕಿಂಗ್ ಎಂದರೆ ಇಷ್ಟೇ ಎಂಬುದು ಅನೇಕ ವಿದ್ಯಾರ್ಥಿಗಳ ಎಣಿಕೆ. ಮಕ್ಕಳು ಆ ಮಾತೆತ್ತಿದರೆ ತಂದೆತಾಯಿಯರ ಎದೆ ಧಸಕ್ಕೆನ್ನುತ್ತದೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಿಂದ ಜನ ಹೀಗೆ ಹೊರಬೀಳುವ ಬಗೆಯನ್ನು ಇಬ್ಬರೂ ತಿಳಿಯುವುದು ಒಳ್ಳೆಯದು.

ಅಲ್ಲಿಯವರು ಇದನ್ನು 'ಆಸೆರ್ ದೇದೊ' ಎನ್ನುತ್ತಾರೆ. 'ಬೆರಳು ಮಾಡುವುದು' ಎಂದು ಅದರ ಅರ್ಥ. ಉಪನಗರಗಳೂ ಸೇರಿದರೆ ಅದು 1 ಕೋಟಿ 30 ಲಕ್ಷಕ್ಕೂ ಮಿಗಿಲಾದ ಜನರ ಊರು. ಪೇಟೆಯ ನಡುವೆ ಬೆರಳೆತ್ತಿ ನಿಂತರೆ ಸಂಜೆಯಾದರೂ ಪ್ರಯೋಜನವಿಲ್ಲ. ಅಲ್ಲಿನ ಕಾರುಗಳು ಕಚೇರಿಗೋ ಅಂಗಡಿಗೋ ಹೋಗುವಂಥವು. ಇನ್ನು ಊರಿನಿಂದ ಹೊರಡುವ ವೇಗದ ಹೆದ್ದಾರಿಗಳಲ್ಲಿ ಪಾದಚಾರಿಗಳು ಓಡಾಡುವಂತಿಲ್ಲ, ವಾಹನ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುವಂತಿಲ್ಲ. ಇದು 1994ರ ಸಂಚಾರ ಕಾನೂನಿನ ಕಟ್ಟಳೆ.

ಹಾಗಾಗಿ ಬಲ್ಲವರು ಮೊದಲು ಟಿಕೆಟ್ ಕೊಳ್ಳುತ್ತಾರೆ! ಪಶ್ಚಿಮದ ಮೆಂಡೋಸಾ ನಗರಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಗೆ ಹೊರಟವರು ಸುಮಾರು 70 ಕಿ.ಮೀ. ಆಚೆಯ ಲುಹಾನ್ ಪಟ್ಟಣದವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗುತ್ತಾರೆ. ಆಮೇಲೆ ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್ ಹುಡುಕುತ್ತಾರೆ. ಅಲ್ಲಿ ಲಾರಿಗಳು ಹೇಗೂ ನಿಲ್ಲುತ್ತವೆ, ಚಾಲಕನೊಡನೆ ಎರಡು ಮಾತಾಡಬಹುದು. ಅವನು ಪ್ರಯಾಣಿಕನನ್ನು ಅಳೆಯುವಂತೆ ಪ್ರಯಾಣಿಕನೂ ಅವನನ್ನು ಅಳೆಯಬಹುದು. ಕುಡಿದಿದ್ದಾನೆಯೇ? ಒಳಗೆ ಇನ್ನಾರಿದ್ದಾರೆ? ಮಾತು ನೇರವಾಗಿದೆಯೇ?

ಹತ್ತಿದ ಮೇಲೆ ಬಿಟ್ಟಿ ಪ್ರಯಾಣಕ್ಕೂ ಒಂದು ಋಣವಿದೆ. ಪಕ್ಕದಲ್ಲಿ ಕೂತವರು ಫ್ಲಾಸ್ಕಿನ ಬಿಸಿನೀರು ಹೊಯ್ದು 'ಮಾತೆ' ಎಂಬ ಸೊಪ್ಪಿನ ಕಷಾಯ ಮಾಡಿಕೊಡಬೇಕು, ಚಾಲಕನಿಗೆ ತೂಕಡಿಕೆ ಬಾರದಂತೆ ಹರಟಬೇಕು. ಮಾತೆ ಕುಡಿಯುವಾಗ 'ಗ್ರಾಸಿಯಾಸ್' ಎಂದರೆ 'ಇನ್ನು ಸಾಕು' ಎಂದು ಅರ್ಥ. ಹೊಸಬರು ಮೊದಲ ಗುಟುಕಿಗೇ ವಂದನೆ ಹೇಳಿ ಎರಡನೆಯದನ್ನು ಕಳೆದುಕೊಳ್ಳುತ್ತಾರೆ.

1952ರ ಜನವರಿಯಲ್ಲಿ ಇದೇ ಊರಿನಿಂದ 23ರ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಗೆಳೆಯ ಅಲ್ಬರ್ಟೊ ಗ್ರನಾಡೊನೊಂದಿಗೆ ಹಳೆಯ ನಾರ್ಟನ್ ಮೋಟಾರ್‌ಸೈಕಲ್ ಏರಿ ಹೊರಟ. ಚಿಲಿ ದೇಶದಲ್ಲಿ ಬಂಡಿ ಕೈಕೊಟ್ಟಿತು. ಮುಂದೆ ಅವರು ಹಲವೆಡೆ ಲಾರಿಯವರನ್ನು ಬೇಡಿ ಹತ್ತಿದರು, ಹಸಿದರು, ಪೆರು ದೇಶದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಸೇವೆ ಮಾಡಿದರು. ಆ ಹುಡುಗ ದಾರಿಯಿಂದ ಮನೆಗೆ ಪತ್ರ ಬರೆದ; ಹಿಂದಿರುಗಿ 1953ರಲ್ಲಿ ಡಾಕ್ಟರನಾದ. ಅವನೇ ಅರ್ನೆಸ್ಟೊ ಚೆ ಗೆವಾರ.

ಈ ಕಥೆ ಓದಿ ಚೀಲ ಹೆಗಲಿಗೇರಿಸುವ ಮುನ್ನ ಒಂದು ಮಾತು. ಅಪಾಯ ಇಲ್ಲವೆಂದಲ್ಲ; ಒಂಟಿಯಾಗಿ ಹೊರಟವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದು ಇನ್ನೂ ಹೆಚ್ಚು. ಯಾವುದೋ ವಾಹನ ನಿಂತಾಗ ಮನಸ್ಸು ಹಿಂಜರಿದರೆ 'ಬೇಡ' ಎನ್ನಲು ಬರಬೇಕು. ಕತ್ತಲಾಗುತ್ತಿದೆ, ಜೇಬು ಖಾಲಿ ಎಂದಾದರೆ ಆ ಮಾತು ಬಾಯಿಗೆ ಬರುವುದಿಲ್ಲ. ಬಸ್ಸಿನ ದುಡ್ಡು ಇಟ್ಟುಕೊಂಡವರಿಗೆ ಮಾತ್ರ ಆ ಧೈರ್ಯ. ಮಕ್ಕಳನ್ನು ದೂರ ಕಳಿಸುವ ಹಿರಿಯರು ಬುದ್ಧಿಮಾತಿನ ಜೊತೆಗೆ ಆ ದುಡ್ಡನ್ನೂ ಕೊಟ್ಟು ಕಳಿಸಲಿ. ಖರ್ಚಾಗದೆ ವಾಪಸು ಬಂದರೆ ಎಲ್ಲರಿಗೂ ಸಂತೋಷವೇ!