ಮಳೆಕಾಡಿನಲ್ಲೊಂದು ಪುನಶ್ಚೇತನ ಶಿಬಿರ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಬಯಲುಸೀಮೆಯ ತರಗತಿಗಳಲ್ಲಿ ಬೋಧಿಸುವ ನಮ್ಮಲ್ಲಿ ಹಲವರು ಇಂಬಳ ಕಚ್ಚಿಸಿಕೊಂಡವರಲ್ಲ. ನಡುಹಗಲಿನಲ್ಲೇ ಕಾಡಿಗೆ ಕತ್ತಲು ಕವಿಯುವುದನ್ನು ಕಂಡವರಲ್ಲ. ಹೀಗಾಗಿ ಕೃತಿಯ ಮಳೆ, ಕಾಡುಗಳು ನಮ್ಮ ಪಾಠದಲ್ಲಿ ಬರಿಯ ‘ನಿಸರ್ಗವರ್ಣನೆ’ಯಾಗಿ ಉಳಿಯುತ್ತವೆ. ಅಧ್ಯಾಪಕರ ಪುನಶ್ಚೇತನ ಶಿಬಿರಗಳಾದರೋ ಬಹುಪಾಲು ಸಭಾಂಗಣದ ಉಪನ್ಯಾಸಗಳಲ್ಲೇ ಮುಗಿಯುತ್ತವೆ. ಅವುಗಳ ಕೆಲವು ದಿನಗಳಾದರೂ ಮಳೆಗಾಲದ ಆಗುಂಬೆ, ಕುಪ್ಪಳಿಗಳಲ್ಲಿ ನಡೆಯಬೇಕು. 2005ರಲ್ಲಿ ಆರಂಭವಾದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳ ತಜ್ಞರೊಡನೆ, ಮರಗಿಡಗಳ ಹೆಸರು ಬಲ್ಲ ಸ್ಥಳೀಯರೂ ಅಲ್ಲಿ ಸಂಪನ್ಮೂಲ ವ್ಯಕ್ತಿಗಳಾಗಬೇಕು. ಇದು ವಿಹಾರಯಾತ್ರೆಯಾಗದಿರಲು, ಕಾದಂಬರಿಯ ಒಂದು ಅಧ್ಯಾಯವನ್ನು ಅಲ್ಲಿಯೇ ಮತ್ತೆ ಓದಿ ಟಿಪ್ಪಣಿ ಬರೆಯುವುದು ಕಡ್ಡಾಯವಾಗಲಿ. ಕಾಡನ್ನು ಕಂಡ ಮಾತ್ರಕ್ಕೆ ಕೃತಿ ಅರ್ಥವಾಗುತ್ತದೆಂದಲ್ಲ. ಓದುವಾಗ ನಾವು ಏನನ್ನು ಕಾಣದೆ ದಾಟಿದ್ದೆವು ಎಂಬುದಾದರೂ ತಿಳಿದೀತು.